ಕಲಾಕೇಂದ್ರವೂ ಊರಿನ ಬೆಂಬಲವೂ

ಯಲ್ದೂರಿನ ಸುತ್ತಲ ಕೋಲಾರ ಸೀಮೆಯಲ್ಲಿ ‘ಕುರುಕ್ಷೇತ್ರ’ ನಾಟಕವಾಡಲು ರೈತರು ಕೈಯಿಂದ ಹಣ ಹಾಕಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸುವುದುಂಟು. ಕಲಾಕೇಂದ್ರಕ್ಕಾದರೋ ಚಂದಾ ಕೂಡುವುದು ಕಷ್ಟ. ಇದು ಜನರ ಅಭಿರುಚಿಯ ಕೊರತೆಯೆಂಬ ವಾದವನ್ನು ನಾವು ಒಪ್ಪಲಾರೆವು. ನಾಟಕದಲ್ಲಿ ವೇಷ ಕಟ್ಟುವವನು ಊರಿನವನೇ. ಕೇಂದ್ರದಲ್ಲಿ ಅವನು ಪ್ರೇಕ್ಷಕ ಮಾತ್ರ. ಅನುದಾನ ದೊರೆತರಂತೂ ಅದು ಸರ್ಕಾರದ ಸೊತ್ತೆಂದು ಊರು ದೂರ ಸರಿಯುತ್ತದೆ. ಹೆಗ್ಗೋಡಿನ ನೀನಾಸಂ 1949ರಲ್ಲಿ ಊರಿನ ಹವ್ಯಾಸಿಗಳ ಸಂಘವಾಗಿ ಹುಟ್ಟಿತು. ಅದರ ರಂಗಶಿಕ್ಷಣ ಕೇಂದ್ರ ಬಂದುದು 1980ರಲ್ಲಿ. ಕೋಲಾರದ ‘ಆದಿಮ’ವೂ ತನ್ನ ‘ಹುಣ್ಣಿಮೆ ಹಾಡು’ ಕಾರ್ಯಕ್ರಮಕ್ಕೆ ಆರಿಸಿಕೊಂಡುದು ಹಳ್ಳಿಗರು ಬಲ್ಲ ತಿಥಿಯನ್ನೇ. ಮೊದಲು ಕಟ್ಟಡ, ಬಳಿಕ ಜನ ಎಂಬ ಕ್ರಮವೇ ದೋಷಯುಕ್ತವೆಂದು ನಮ್ಮ ಮತ. ರಂಗವನ್ನು ಊರಿಗೆ ಬಿಟ್ಟುಕೊಡದ ಕೇಂದ್ರವು ಊರಿನ ಬೆಂಬಲವನ್ನು ನಿರೀಕ್ಷಿಸುವುದು ನ್ಯಾಯವಲ್ಲ.