ಅಳಲು ಬಿಡದ ಚಿತ್ರ

‘ಘಟಶ್ರಾದ್ಧ’ ನೋಡಿ ಅತ್ತವರನ್ನು ನಾನು ಕಂಡದ್ದು ಕಡಿಮೆ. ನೋಡಿ ಹೊರಬಂದು ಮಾತು ಬಿಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ.

ಗಿರೀಶ ಕಾಸರವಳ್ಳಿ ಅವರ ಮೊದಲ ಕಥಾಚಿತ್ರ ಅದು, 1977ರದ್ದು, ಕಪ್ಪು-ಬಿಳುಪು. ಕಥೆ ಅನಂತಮೂರ್ತಿ ಅವರದು. ಮಲೆನಾಡಿನ ಅಗ್ರಹಾರದಲ್ಲಿ ವೇದಪಾಠಶಾಲೆ ನಡೆಸುವ ಉಡುಪರ ಮಗಳು ಯಮುನಕ್ಕ, ವಿಧವೆ. ಬಸುರಾಗುತ್ತಾಳೆ. ಬಸಿರಿಗೆ ಕಾರಣನಾದ ಮೇಷ್ಟ್ರು ಜಾರಿಕೊಳ್ಳುತ್ತಾನೆ. ಬದುಕಿರುವ ಮಗಳಿಗೆ ತಂದೆಯೇ ಗಡಿಗೆ ಒಡೆದು ಶ್ರಾದ್ಧ ಮಾಡುತ್ತಾರೆ. ಇಷ್ಟನ್ನು ಹೇಳಿದರೆ ಯಾರಿಗಾದರೂ ಕಣ್ಣೀರು ಬರಬೇಕು. ಚಿತ್ರ ನೋಡುವಾಗ ಬರುವುದಿಲ್ಲ. ಏಕೆ?

‘ಶರಪಂಜರ’ದಲ್ಲಿ ಬರುತ್ತದಲ್ಲ! ಕಲ್ಪನಾ ಅವರ ಕಾವೇರಿ ಮತ್ತೆ ಆಸ್ಪತ್ರೆಯ ದಾರಿ ಹಿಡಿಯುವ ಹೊತ್ತಿಗೆ ಸೆರಗು, ಕರ್ಚೀಫು ಎಲ್ಲ ಒದ್ದೆ. ನೋಡುವವರ ದುಃಖವನ್ನು ಎಲ್ಲಿ ತಡೆಯಬೇಕು, ಎಲ್ಲಿ ಕಟ್ಟೆಯೊಡೆಯಬೇಕು ಎಂಬುದು ಅದರ ನಿರ್ದೇಶಕ ಪುಟ್ಟಣ್ಣನವರಿಗೆ ಚೆನ್ನಾಗಿ ಗೊತ್ತಿತ್ತು. ಕಾವೇರಿಯ ಸಂಕಟ ನಮ್ಮದೇ ಆಗುತ್ತದೆ, ಅತ್ತು ಮುಗಿಸುತ್ತೇವೆ, ಎದೆ ಹಗುರ. ಅದೂ ದೊಡ್ಡ ಕಲೆಯೇ. (ಈಗಿನ ಧಾರಾವಾಹಿಗಳಲ್ಲಿ ಕಣ್ಣೀರಿಗೆ ಮುಂಚೆಯೇ ಪಿಟೀಲು ಕುಯ್ಯುತ್ತಾರೆ, ಆ ಮಾತು ಬೇರೆ.)

ಕಾಸರವಳ್ಳಿ ನಮ್ಮನ್ನು ಯಮುನಕ್ಕನೊಳಗೆ ಬಿಡುವುದೇ ಇಲ್ಲ. ನಾಣಿಯ ಪಕ್ಕ ನಿಲ್ಲಿಸುತ್ತಾರೆ. ನಾಣಿ ವೇದ ಕಲಿಯಲು ಬಂದ ಪುಟ್ಟ ಹುಡುಗ. ಅಮ್ಮನ ನೆನಪಿನಲ್ಲಿ ಸೊರಗುವ ಅವನಿಗೆ ಆಸರೆ ಯಮುನಕ್ಕನೇ. ಏನೋ ಕೆಟ್ಟದ್ದು ನಡೆಯುತ್ತಿದೆ ಎಂದು ಅವನಿಗೆ ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ದೊಡ್ಡವರ ಪಿಸುಮಾತು ಅರ್ಧ ಕೇಳಿಸುತ್ತದೆ. ಅಕ್ಕನ ಹಿಂದೆ ಕತ್ತಲಲ್ಲಿ ನಡೆಯುತ್ತಾನೆ, ಅವಳನ್ನು ಉಳಿಸಲಾರ. ಎಸ್. ರಾಮಚಂದ್ರ ಅವರ ಕ್ಯಾಮೆರಾ ಅವನ ಈ ಅಸಹಾಯಕತೆಯನ್ನು ಕಾಯುತ್ತದೆ, ಆತುರಪಡುವುದಿಲ್ಲ. ಕೊನೆಯಲ್ಲಿ ಅಪ್ಪ ಬಂದು ಕರೆದುಕೊಂಡು ಹೋಗುತ್ತಾನೆ. ತಲೆ ಬೋಳಿಸಿದ ಯಮುನಕ್ಕ ಮರದ ಕೆಳಗೆ ಒಬ್ಬಳೇ ಕೂತಿದ್ದಾಳೆ. ನಾಣಿ ಹೋಗಲೇಬೇಕು. ದೀಪ ಹತ್ತಿಕೊಂಡ ಮೇಲೆ ನಾವೂ ಎದ್ದು ಹೋಗುತ್ತೇವೆ, ಅವನ ಹಾಗೆಯೇ, ಅವಳನ್ನು ಅಲ್ಲೇ ಬಿಟ್ಟು. ಗಂಟಲು ಕಟ್ಟುವುದು ಅದಕ್ಕೆ. ಅತ್ತುಬಿಡಲು ನಮಗೆ ಮುಖವೆಲ್ಲಿದೆ?

ಶೋಕವು ಕರುಣರಸವಾದಾಗ ಸಹೃದಯನಿಗೆ ಆನಂದವೇ ಎನ್ನುತ್ತಾರೆ ನಮ್ಮ ಆಲಂಕಾರಿಕರು. ಈ ಚಿತ್ರದ ಮಟ್ಟಿಗೆ ನನಗೆ ಆ ಮಾತಿನಲ್ಲಿ ಅರೆನಂಬಿಕೆ. ಆನಂದ ಬಂದರೂ ತಡವಾಗಿ ಬರುತ್ತದೆ, ವಾರ ಕಳೆದು, ಬಿ.ವಿ. ಕಾರಂತರ ಸಂಗೀತದ ಒಂದು ತುಣುಕು ಸುಮ್ಮನೆ ನೆನಪಾದಾಗ. ಅಲ್ಲಿಯವರೆಗೆ ಬರೀ ಭಾರ. ಆ ಭಾರ ಹೊರಿಸುವ ಧೈರ್ಯ ಮೂವತ್ತು ತುಂಬದ ನಿರ್ದೇಶಕನಿಗಿತ್ತು ಎಂಬುದೇ ನನಗೆ ಇಂದಿಗೂ ಬೆರಗು.

ಚಿತ್ರದ 4ಕೆ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ನಿಮ್ಮೂರಿನ ಚಿತ್ರಸಮಾಜ ಅದನ್ನು ತರಿಸಿದರೆ ತಪ್ಪಿಸಬೇಡಿ. ಮೊಬೈಲಿನಲ್ಲಿ ಮಾತ್ರ ನೋಡಬೇಡಿ, ಅದೇ ರಾತ್ರಿ ಇನ್ನೊಂದು ಚಿತ್ರಕ್ಕೂ ಕೂರಬೇಡಿ.