ನಿಧಾನಗತಿಯ ಲಿಂಫೋಮ : ಚಿಕಿತ್ಸೆಯ ಚರಿತ್ರೆಯ ಒಂದು ವಿಮರ್ಶೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ವಿಜಯಗಳ ಪರಂಪರೆಯಾಗಿ ಬರೆಯುವ ವಾಡಿಕೆ ಬಹುಕಾಲದಿಂದ ಬೇರೂರಿದೆ. ಅದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಫಾಲಿಕ್ಯುಲರ್ ಲಿಂಫೋಮವೆಂಬ ವ್ಯಾಧಿಯ ನಿದರ್ಶನದಿಂದ ಪರೀಕ್ಷಿಸುವುದು ನಮ್ಮ ಉದ್ದೇಶ. ದುಗ್ಧಗ್ರಂಥಿಗಳಲ್ಲಿ ತೋರುವ ಈ ಅರ್ಬುದವು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಒಮ್ಮೊಮ್ಮೆ ತಾನಾಗಿಯೇ ಕುಗ್ಗುವುದೂ ಉಂಟು. ಆದರೆ ದೇಹದಲ್ಲಿ ವ್ಯಾಪಿಸಿದ ಮೇಲೆ ನಿರ್ಮೂಲವಾಗುವುದು ವಿರಳ. ಆದುದರಿಂದ ಗಡ್ಡೆ ಕರಗಿದುದನ್ನೇ ಗುಣವೆಂದು ಭ್ರಮಿಸುವ ಅಪಾಯ ಇಲ್ಲಿ ಅಧಿಕ.

1942ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗಿಲ್ಮನ್, ಗುಡ್‌ಮನ್ ಅವರ ಸಂಶೋಧನೆಯ ಫಲವಾಗಿ, ಯುದ್ಧದ ವಿಷಾನಿಲಕ್ಕೆ ಸಂಬಂಧಿಸಿದ ನೈಟ್ರೋಜನ್ ಮಸ್ಟರ್ಡನ್ನು ಲಿಂಫೋಮ ರೋಗಿಯೊಬ್ಬನಿಗೆ ಕೊಡಲಾಯಿತು. ಗಡ್ಡೆ ಕರಗಿತು, ಮತ್ತೆ ಬೆಳೆಯಿತು. ಅದೇ ವರ್ಗದ ಕ್ಲೋರಾಂಬ್ಯುಸಿಲನ್ನು ಮುಂದೆ ಬ್ರಿಟನ್ನಿನಲ್ಲಿ ಪರೀಕ್ಷೆಗೊಡ್ಡಿದರು. ನಿಧಾನಗತಿಯ ಲಿಂಫೋಮವಿದ್ದೂ ಬಾಧೆಯಿಲ್ಲದ 309 ಮಂದಿಯಲ್ಲಿ ಕೆಲವರಿಗೆ ಕೂಡಲೇ ಔಷಧ ಕೊಟ್ಟರು. ಉಳಿದವರ ವಿಷಯದಲ್ಲಿ ಕಾದು ನೋಡಿದರು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡು ಗುಂಪುಗಳ ಆಯುಷ್ಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂಥವರ ವಿಷಯದಲ್ಲಿ ಕಾಯುವುದು ಉಪೇಕ್ಷೆಯಲ್ಲವೆಂದು ಇದರಿಂದ ತಿಳಿಯಿತು.

1997ರಲ್ಲಿ ಅಮೆರಿಕೆಯಲ್ಲಿ ಅಂಗೀಕೃತವಾದ ರಿಟಕ್ಸಿಮ್ಯಾಬ್ ಎಂಬ ಪ್ರತಿಕಾಯದ ಕಥೆ ಬೇರೆ. ಕೀಮೋಥೆರಪಿಯೊಡನೆ ಸೇರಿದಾಗ ಅದು ಆಯುಷ್ಯವನ್ನೇ ವರ್ಧಿಸಿತೆಂದು ತುಲನಾತ್ಮಕ ಪರೀಕ್ಷೆಗಳು ತೋರಿಸಿದುವು. ಇದನ್ನು ವಿಜಯವೆನ್ನಲು ನಮಗೆ ಸಂಕೋಚವಿಲ್ಲ.

ಆದರೆ ಅನಂತರದ ಅಧ್ಯಾಯವನ್ನು ನೋಡಬೇಕು. ಪಿಐ3ಕೆ ಎಂಬ ಕಿಣ್ವವನ್ನು ತಡೆಯುವ ಐಡೆಲಾಲಿಸಿಬ್ (2014), ಕೊಪಾನ್ಲಿಸಿಬ್ (2017), ಡುವೆಲಿಸಿಬ್ (2018), ಅಂಬ್ರಾಲಿಸಿಬ್ (2021) ಎಂಬ ನಾಲ್ಕು ಔಷಧಗಳು ಬಹುಮಟ್ಟಿಗೆ ಗಡ್ಡೆ ಕುಗ್ಗಿದ ಪ್ರಮಾಣವನ್ನೇ ಆಧರಿಸಿ ಅಲ್ಲಿ ಅಂಗೀಕಾರ ಪಡೆದುವು. 2021ರ ಅಂತ್ಯದಿಂದ 2023ರ ಅಂತ್ಯದೊಳಗೆ, ಈ ರೋಗಕ್ಕೆ ಸಂಬಂಧಿಸಿದಂತೆ, ನಾಲ್ಕನ್ನೂ ಹಿಂತೆಗೆದುಕೊಳ್ಳುವುದಾಗಿ ತಯಾರಕರೇ ಸಾರಿದರು. ಕೊಪಾನ್ಲಿಸಿಬ್‌ನ ದೃಢೀಕರಣ ಪರೀಕ್ಷೆ ಗುರಿ ಮುಟ್ಟಿರಲಿಲ್ಲ. ಅಂಬ್ರಾಲಿಸಿಬನ್ನು ಇನ್ನೊಂದು ರಕ್ತಾರ್ಬುದದಲ್ಲಿ ಪರೀಕ್ಷಿಸಿದಾಗ ಸಾವುಗಳು ಹೆಚ್ಚಿದುವೆಂಬ ಶಂಕೆ ಹುಟ್ಟಿತ್ತು.

ಈಗ ರೋಗಿಯ ಟಿ ಕೋಶಗಳನ್ನೇ ಮಾರ್ಪಡಿಸಿ ಮರಳಿಸುವ ಕಾರ್-ಟಿ ಚಿಕಿತ್ಸೆಯೂ (2021), ಟಿ ಕೋಶವನ್ನು ಅರ್ಬುದಕೋಶಕ್ಕೆ ಬೆಸೆಯುವ ಮೊಸುನೆಟುಜುಮ್ಯಾಬೂ (2022) ಬಂದಿವೆ. ಅನ್ಯ ಚಿಕಿತ್ಸೆಗಳು ವಿಫಲವಾದವರಲ್ಲೂ ಅನೇಕರ ರೋಗವನ್ನು ಇವು ಅಡಗಿಸಿವೆ, ಅದು ಅಲ್ಪವಲ್ಲ. ಆದರೂ ಇವು ಅಂಗೀಕೃತವಾದಾಗ ಹೋಲಿಕೆಯ ಗುಂಪು ಇರಲಿಲ್ಲವೆಂಬುದನ್ನು ಮರೆಯಲಾಗದು.

ಶಾಸನವೊಂದರ ಕಾಲವನ್ನು ನಿರ್ಣಯಿಸುವಾಗ ನಾವು ಕೇಳುವ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕು: ಸಾಕ್ಷ್ಯ ಯಾವುದಕ್ಕೆ? ಗಡ್ಡೆ ಕುಗ್ಗಿದುದಕ್ಕೋ, ಮನುಷ್ಯ ಹೆಚ್ಚು ಕಾಲ ನೆಮ್ಮದಿಯಿಂದ ಬಾಳಿದುದಕ್ಕೋ? ಕಾಯುವುದೋ ಚಿಕಿತ್ಸೆಯೋ ಎಂದು ಆರಿಸಬೇಕಾದ ರೋಗಿಗೆ ಈ ವಿವೇಚನೆಯೇ ಆಧಾರ. ವಿಜಯಗಳನ್ನಷ್ಟೇ ಹೇಳಿ ಹಿಂಜರಿತಗಳನ್ನು ಬಿಟ್ಟ ಚರಿತ್ರೆಯಿಂದ ಅವನಿಗೆ ಆ ಆಧಾರ ದೊರೆಯದೆಂಬುದು ನಮ್ಮ ಅಭಿಪ್ರಾಯ.