ನಿತ್ಯಕರ್ಮವೂ ಕಾಯಕವೂ: ಲೋಕನ್ಯಾಯಕ್ಕಾಗಿ ದುಡಿದವರ ಶ್ರದ್ಧೆಯನ್ನು ಕುರಿತು ಒಂದು ವಿಮರ್ಶೆ

ಲೋಕದಲ್ಲಿ ಅನ್ಯಾಯವನ್ನು ಕಂಡು ಅದನ್ನು ನೀಗಲು ಹೊರಟವರಲ್ಲಿ ಹಲವರು ನಡುದಾರಿಯಲ್ಲಿಯೇ ಬಳಲಿ ನಿಲ್ಲುವರು. ಕೆಲವರು ಮಾತ್ರ ಕಡೆಯವರೆಗೆ ನಡೆಯುವರು. ಈ ಕೆಲವರನ್ನು ನಡೆಸಿದ ಶಕ್ತಿ ಯಾವುದೆಂದು ಕೇಳಿದರೆ, ಅವರ ಚರಿತ್ರೆಗಳನ್ನು ಬರೆದವರು ಸಾಮಾನ್ಯವಾಗಿ ಕೊಡುವ ಸಮಾಧಾನ ಒಂದೇ: ದೇವರಲ್ಲಿ ಅವರಿಗಿದ್ದ ನಂಬುಗೆಯು, ಕೊನೆಗೆ ಗೆಲವು ಧರ್ಮಕ್ಕೇ ಎಂಬ ಭರವಸೆಯನ್ನು ಕೊಟ್ಟಿತು; ಆ ಭರವಸೆಯ ಬಲದಿಂದ ಅವರು ಕಷ್ಟವನ್ನು ಸಹಿಸಿದರು ಎಂದು. ಈ ಸಮಾಧಾನವು ಸಾಲದೆಂಬುದೇ ಈ ಲೇಖನದ ಪ್ರತಿಜ್ಞೆ. ಫಲದ ಮೇಲೆ ನಿಂತ ಭರವಸೆಯು ಫಲವು ಕೆಟ್ಟೊಡನೆ ತಾನೂ ಕೆಡಬೇಕು. ಆದರೆ ಫಲವು ಕೆಟ್ಟ ಬಳಿಕವೂ ಕೆಲಸವನ್ನು ಬಿಡದವರು ಉಂಟು. ಅವರನ್ನು ತಾಳಿಸಿದ್ದು ಬೇರೆ ಏನೋ ಇರಬೇಕು.

ಅದು ಏನೆಂಬುದನ್ನು ಅರಿಯಲು ನಮ್ಮ ಮೀಮಾಂಸಕರು ಮಾಡಿದ ಒಂದು ವಿಭಾಗವು ತುಂಬ ಉಪಕಾರಕವಾಗಿದೆ. ಅವರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಂಗಡಿಸಿದರು. ಮಳೆ ಬೇಕೆನ್ನುವವನಿಗೆ ಕಾರೀರಿ ಎಂಬ ಇಷ್ಟಿಯು ವಿಹಿತವಾಗಿದೆ. ಮಳೆಯ ಬಯಕೆಯಿಲ್ಲದವನಿಗೆ ಅದರಲ್ಲಿ ಅಧಿಕಾರವೇ ಇಲ್ಲ. ಇದು ಕಾಮ್ಯ. ಅಗ್ನಿಹೋತ್ರವಾದರೋ ಬದುಕಿರುವವರೆಗೆ ಸಂಜೆ ಬೆಳಗು ಮಾಡತಕ್ಕದ್ದು. ಇದು ನಿತ್ಯ. ನಿತ್ಯಕ್ಕೆ ಫಲವೇ ಇಲ್ಲವೋ, ದುರಿತಕ್ಷಯವೆಂಬ ಫಲವುಂಟೋ ಎಂಬಲ್ಲಿ ಪ್ರಾಭಾಕರರಿಗೂ ಭಾಟ್ಟರಿಗೂ ಭೇದವಿದ್ದರೂ, ಬಿಟ್ಟರೆ ದೋಷವೆಂಬ ಭಾವವೇ ನಿತ್ಯದ ಗುರುತೆಂದು ಲೋಕದಲ್ಲಿ ರೂಢವಾಗಿದೆ. ಇದಕ್ಕಿಂತಲೂ ನಮ್ಮ ಪ್ರಕೃತಕ್ಕೆ ಹೆಚ್ಚು ಹೊಂದುವ ಮಾತು ಜೈಮಿನಿಯ 6ನೆಯ ಅಧ್ಯಾಯದ 3ನೆಯ ಪಾದದಲ್ಲಿದೆ. ಕಾಮ್ಯವನ್ನು ಸರ್ವಾಂಗಗಳೊಡನೆ ಮಾಡಿದರೆ ಮಾತ್ರ ಫಲ. ನಿತ್ಯವನ್ನಾದರೋ ಯಥಾಶಕ್ತಿ, ಎಷ್ಟು ಅಂಗಗಳು ಸಾಧ್ಯವೋ ಅಷ್ಟರಿಂದಲೇ ಮಾಡಬಹುದು ಎಂಬುದು ಅಲ್ಲಿಯ ನಿರ್ಣಯ. ಯಜ್ಞಶಾಲೆಗೆ ಸಂಬಂಧಪಟ್ಟ ಈ ನ್ಯಾಯವನ್ನು ಲೋಕಕ್ಕೆ ಅನ್ವಯಿಸಿ ನೋಡಿರಿ. ಅನ್ಯಾಯವನ್ನು ನೀಗುವ ಕೆಲಸವು ಎಂದಿಗೂ ಸರ್ವಾಂಗಪೂರ್ಣವಾಗುವುದಿಲ್ಲ. ಹಣ ಸಾಲದು, ಜನ ಸಾಲದು, ಆಯುಸ್ಸೂ ಸಾಲದು. ಅದನ್ನು ಕಾಮ್ಯವೆಂದು ಹಿಡಿದವನು ಅಂಗವೈಕಲ್ಯವನ್ನು ಕಂಡು ಕೈಬಿಡುವನು. ನಿತ್ಯವೆಂದು ಹಿಡಿದವನು ಇಂದು ತನ್ನಿಂದಾದಷ್ಟನ್ನು ಮಾಡಿ, ನಾಳೆ ಮತ್ತೆ ತೊಡಗುವನು.

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. ಯಾವ ಶಾಸ್ತ್ರದಿಂದ ಈ ನ್ಯಾಯವನ್ನು ತಂದಿರೋ ಆ ಶಾಸ್ತ್ರವೇ ಕೋಟ್ಯಂತರ ಜನರನ್ನು ಹೊರಗಿಟ್ಟಿತಲ್ಲವೇ? ಈ ಆಕ್ಷೇಪವು ಯಥಾರ್ಥವಾದುದು. ಇದನ್ನು ಮರೆಮಾಡುವುದು ಪಾಂಡಿತ್ಯಕ್ಕೆ ಶೋಭೆಯಲ್ಲ. ಅದೇ 6ನೆಯ ಅಧ್ಯಾಯದ 1ನೆಯ ಪಾದದಲ್ಲಿ ಅಪಶೂದ್ರಾಧಿಕರಣವಿದೆ. ಕರ್ಮವು ನಾಲ್ಕು ವರ್ಣಗಳಿಗೂ ಉಂಟೆಂದು ಬಾದರಿ ಎಂಬ ಆಚಾರ್ಯನು ಹೇಳಿದ್ದನ್ನು ಅಲ್ಲಿ ಎತ್ತಿಕೊಂಡು ನಿರಾಕರಿಸಿದ್ದಾರೆ. ಬಾದರಿಯ ಪಕ್ಷವು ಸೋತಿತು. ಆದರೂ ಅದು ಸೂತ್ರಗ್ರಂಥದಲ್ಲಿ ಉಳಿದುಬಂದಿದೆ. ಹಾಗಾದರೆ ನಿತ್ಯತ್ವವೊಂದೇ ನ್ಯಾಯಕ್ಕೆ ಸಾಧನವಾಗಲಾರದು. ಯಾರಿಗೆ ಅಧಿಕಾರ ಎಂಬ ಪ್ರಶ್ನೆಗೆ ಎಲ್ಲರಿಗೂ ಎಂಬ ಉತ್ತರವು ಬಂದಲ್ಲಿ ಮಾತ್ರ ನಿತ್ಯಕರ್ಮದ ಬಲವು ನ್ಯಾಯದ ಬಲವಾಗುವುದು.

ಈ ಎರಡನ್ನೂ ಒಂದೆಡೆ ಕೂಡಿಸಿದ ನಿದರ್ಶನವು ನಮ್ಮ ಕನ್ನಡದಲ್ಲಿಯೇ ಇದೆ. 12ನೆಯ ಶತಮಾನದ ಶರಣರು ಮೀಮಾಂಸೆಯನ್ನು ಓದಿ ಹೀಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಅವರ ದಾರಿ ಅನುಭಾವದ ದಾರಿ. ಆದರೆ ಕಾಯಕವೆಂದು ಅವರು ಕರೆದುದರ ಸ್ವರೂಪವನ್ನು ಪರೀಕ್ಷಿಸಿದರೆ ಅದು ನಿತ್ಯಕರ್ಮದ ಲಕ್ಷಣವನ್ನೇ ಹೊಂದಿದೆ. ಅಧಿಕಾರದ ಗೋಡೆ ಮಾತ್ರ ಬಿದ್ದುಹೋಗಿದೆ. ಬಟ್ಟೆ ಒಗೆಯುವ ಮಾಚಯ್ಯನಿಗೂ ದೋಣಿ ನಡೆಸುವ ಚೌಡಯ್ಯನಿಗೂ ಅರಸನ ಭಂಡಾರಿಯಾದ ಬಸವಣ್ಣನಿಗೂ ಅದು ಸಮಾನ. ಹೆಂಗಸರಿಗೂ ಅದು ಸಮಾನವೆಂಬುದಕ್ಕೆ ಮೂವತ್ತಕ್ಕೂ ಹೆಚ್ಚು ಮಂದಿ ವಚನಕಾರ್ತಿಯರ ಹೆಸರುಗಳೇ ಸಾಕ್ಷಿ. ಭಗವದ್ಗೀತೆಯ ನಿಷ್ಕಾಮಕರ್ಮವೂ ಇದೇ ಅಲ್ಲವೇ ಎಂದು ಕೆಲವರು ಕೇಳುವರು. ಫಲತ್ಯಾಗದಲ್ಲಿ ಸಾಮ್ಯವುಂಟು, ಆದರೆ ಅಲ್ಲಿಯ ಸ್ವಧರ್ಮವು ವರ್ಣವನ್ನು ಅನುಸರಿಸುವುದು, ಇಲ್ಲಿಯ ಕಾಯಕವು ವರ್ಣವನ್ನು ಕೇಳುವುದಿಲ್ಲ.

ಗೂಳೂರ ಸಿದ್ಧವೀರಣ್ಣೊಡೆಯನ ಶೂನ್ಯಸಂಪಾದನೆಯಲ್ಲಿ ಬರುವ ಎರಡು ಪ್ರಸಂಗಗಳನ್ನು ಈ ದೃಷ್ಟಿಯಿಂದ ವಿಮರ್ಶಿಸಬಹುದು. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವವನು. ಒಮ್ಮೆ ಅವನು ಅನುಭಾವದ ಗೋಷ್ಠಿಯಲ್ಲಿ ಮೈಮರೆತಿರಲು, ಕಾಯಕವು ನಿಂತುಹೋಗಿದೆಯೆಂದು ಹೆಂಡತಿ ಲಕ್ಕಮ್ಮನು ಎಚ್ಚರಿಸುವಳು. ಬಳಿಕ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರಲು, ಆ ಹೆಚ್ಚಳವನ್ನು ಹಿಂದಕ್ಕೆ ಒಯ್ಯೆಂದು ಕಳುಹುವಳು. ಈ ಕಥೆಯನ್ನು ಸಂತೃಪ್ತಿಯ ಉಪದೇಶವೆಂದು ಮಾತ್ರ ಓದುವುದು ರೂಢಿ. ಆದರೆ ಇಲ್ಲಿ ಎರಡು ದೋಷಗಳನ್ನು ಲಕ್ಕಮ್ಮನು ಬೇರೆಬೇರೆಯಾಗಿ ಹಿಡಿದಿದ್ದಾಳೆ. ಕೆಲಸ ನಿಂತದ್ದು ಲೋಪದೋಷ. ಹೆಚ್ಚು ತಂದದ್ದು ನಿತ್ಯವನ್ನು ಕಾಮ್ಯವಾಗಿ ತಿರುಗಿಸಿದ ದೋಷ. ಅನುಭಾವದ ಸುಖವೂ ಕಾಯಕಲೋಪಕ್ಕೆ ನೆಪವಾಗಕೂಡದೆಂಬ ಈ ನಿಷ್ಠುರತೆಯೇ ಆ ಸಮುದಾಯವನ್ನು ಎತ್ತಿ ಹಿಡಿದಿತ್ತು.

ನುಲಿಯ ಚಂದಯ್ಯನ ಪ್ರಸಂಗವು ಇನ್ನೂ ತೀಕ್ಷ್ಣವಾದುದು. ಹಗ್ಗಕ್ಕಾಗಿ ಹುಲ್ಲು ಕೊಯ್ಯುತ್ತಿರುವಾಗ ಅವನ ಇಷ್ಟಲಿಂಗವು ಕಳಚಿ ಬೀಳುವುದು. ಅವನು ಅದನ್ನು ಎತ್ತಿಕೊಳ್ಳದೆ ಕಾಯಕವನ್ನೇ ಮುಂದುವರಿಸುವನು. ಕೊನೆಗೆ ಶರಣರ ಮಾತಿನಿಂದ ಲಿಂಗವನ್ನು ಮರಳಿ ಅಂಗೀಕರಿಸುವನು. ಪೂಜೆ ಮೇಲೋ ಕಾಯಕ ಮೇಲೋ ಎಂಬ ವಾದಕ್ಕೆ ಗ್ರಂಥಕರ್ತನು ಕೊಟ್ಟ ಉತ್ತರವು ಇಲ್ಲಿದೆ. ಪೂಜೆಯು ಕಾಯಕಕ್ಕೆ ಬದಲಾಗಿ ನಿಲ್ಲಲಾರದು. ಆದರೆ ಪೂಜೆಯನ್ನು ತೊರೆದ ಕಾಯಕವು ತನ್ನ ಬೇರನ್ನು ತಾನೇ ಕಡಿದುಕೊಳ್ಳುವುದು. ಎರಡೂ ಬೇಕೆಂಬುದೇ ಸಿದ್ಧಾಂತ.

ಈ ಸಿದ್ಧಾಂತದ ಪರೀಕ್ಷೆಯು ಬೇಗನೆ ಬಂದಿತು. ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಲು, ಆ ತಂದೆಯರಿಬ್ಬರಿಗೂ ಬಿಜ್ಜಳನು ಕ್ರೂರದಂಡನೆ ವಿಧಿಸಿದನೆಂದೂ, ಶರಣರು ಕಲ್ಯಾಣವನ್ನು ಬಿಟ್ಟು ಚದುರಿದರೆಂದೂ ಪರಂಪರೆಯು ಹೇಳುವುದು. ಫಲವನ್ನು ಎಣಿಸುವವರ ಲೆಕ್ಕದಲ್ಲಿ ಇದು ಸೋಲು. ಆದರೆ ಅವರಿಗೆ ಗುಡಿಯಿರಲಿಲ್ಲ, ಆದುದರಿಂದ ಗುಡಿಯನ್ನು ಕಳೆದುಕೊಳ್ಳುವ ಭಯವೂ ಇರಲಿಲ್ಲ. ಅಂಗೈಯ ಲಿಂಗವೂ ಕೈಯ ಕೆಲಸವೂ ನಾಲಗೆಯ ಮೇಲಣ ವಚನವೂ ಎಲ್ಲಿಗೆ ಹೋದರೂ ಜೊತೆಯಲ್ಲಿಯೇ ಇದ್ದವು. 15ನೆಯ ಶತಮಾನದಿಂದ ಶೂನ್ಯಸಂಪಾದನೆಗಳು ಹುಟ್ಟಿದ್ದೂ, 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದ್ದೂ ಈ ಹೊತ್ತುಬಂದ ಬುತ್ತಿಯಿಂದಲೇ. ಆದರೂ ವಿಮರ್ಶಕನು ಇನ್ನೊಂದು ಮುಖವನ್ನೂ ಕಾಣಬೇಕು. ಆಚರಣೆಯು ಉಳಿದಲ್ಲೆಲ್ಲ ಅದರ ಆಶಯವು ಉಳಿಯಲಿಲ್ಲ. ಕಾಲಕ್ರಮದಲ್ಲಿ ಅದೇ ಸಂಪ್ರದಾಯದೊಳಗೆ ಒಳಪಂಗಡಗಳೂ ಮೇಲುಕೀಳುಗಳೂ ಬೆಳೆದವು. ಸಾಧನೆಯು ನ್ಯಾಯವನ್ನು ಕಾಯಬಲ್ಲುದು. ಆದರೆ ನ್ಯಾಯವನ್ನು ಮರೆತು ತನ್ನನ್ನೇ ತಾನು ಕಾದುಕೊಳ್ಳಲೂ ಬಲ್ಲುದು.

ಇದು ಬರಿಯ ಪುರಾತನರ ಮಾತಲ್ಲವೆಂಬುದಕ್ಕೆ ಮಂಗಳೂರಿನ ಕುದ್ಮುಲ್ ರಂಗರಾಯರ (1859–1928) ಚರಿತ್ರೆಯು ಸಾಕ್ಷಿಯಾಗಿದೆ. ಅವರು ಶರಣಪರಂಪರೆಯವರಲ್ಲ, ಸಾರಸ್ವತ ಬ್ರಾಹ್ಮಣಕುಲದಲ್ಲಿ ಹುಟ್ಟಿ ಬ್ರಹ್ಮಸಮಾಜವನ್ನು ಸೇರಿದ ವಕೀಲರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಜನರ ಬಹಿಷ್ಕಾರವು ಅವರ ಮನೆಯನ್ನು ಸುತ್ತಿತು. ಕಾಮ್ಯದೃಷ್ಟಿಯುಳ್ಳವನಿಗೆ ಕೈಬಿಡಲು ಇಷ್ಟೇ ಸಾಕಾಗಿತ್ತು. ಅವರಾದರೋ ವರ್ಷವರ್ಷವೂ ಆ ದುಡಿಮೆಯಲ್ಲಿಯೇ ನಿಂತರು. ಜೀವಿತದ ಕೊನೆಯ ಭಾಗದಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರೆನಿಸಿದರು. ಸಂನ್ಯಾಸಿಯು ಕರ್ಮವನ್ನು ಬಿಡುವನೆಂಬುದು ಶಾಸ್ತ್ರಸಂಪ್ರದಾಯ. ಇಲ್ಲಿ ಆಶ್ರಮವು ಹಿಂದೆ, ಕರ್ಮವು ಮುಂದೆ. ಬಾಳಿನುದ್ದಕ್ಕೂ ಫಲವನ್ನು ಬಿಟ್ಟು ಕೆಲಸವನ್ನು ಹಿಡಿದಿದ್ದವರಿಗೆ ಕಾವಿಯು ಹೊಸ ತ್ಯಾಗವನ್ನೇನೂ ತರಲಿಲ್ಲ. ಆಗಲೇ ನಡೆದಿದ್ದ ತ್ಯಾಗಕ್ಕೆ ಹೆಸರಾಯಿತು.

ಶ್ರದ್ಧೆಯು ನೊಂದವರನ್ನು ಕಾಯುವಂತೆ ಮಾಡುವುದು, ಆದುದರಿಂದ ಅದು ನ್ಯಾಯಕ್ಕೆ ವಿರೋಧಿ ಎಂಬ ವಾದವನ್ನು ಕೊನೆಯದಾಗಿ ನೋಡೋಣ. ಪರಲೋಕದ ಫಲವನ್ನು ತೋರಿಸಿ ಇಹದ ನೋವನ್ನು ಮರೆಸುವ ಶ್ರದ್ಧೆಗೆ ಈ ಮಾತು ಸಲ್ಲುತ್ತದೆ. ಅದೂ ಕಾಮ್ಯದ ಒಂದು ಬಗೆಯೇ ಸರಿ. ನಿತ್ಯದ ಶ್ರದ್ಧೆಯು ಕಾಯಿರೆಂದು ಹೇಳುವುದಿಲ್ಲ. ಇಂದಿನ ಕೆಲಸವನ್ನು ಇಂದೇ ಮಾಡೆಂದು ಹೇಳುವುದು. ಹೊತ್ತು ಮೀರಿದ ಅಗ್ನಿಹೋತ್ರಕ್ಕೆ ಪ್ರಾಯಶ್ಚಿತ್ತವನ್ನು ವಿಧಿಸಿದ ಮನೋಧರ್ಮವು ಹೊತ್ತು ಮೀರಿದ ನ್ಯಾಯವನ್ನು ಲಘುವಾಗಿ ಕಾಣಲಾರದು.

ಆದುದರಿಂದ ಸಮಾಜಸೇವಕರ ಭಕ್ತಿಯನ್ನು ಕೊಂಡಾಡುವ ಗ್ರಂಥಗಳನ್ನು ಓದುವಾಗ ವಾಚಕರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಫಲವು ಕಾಣದಾದಾಗ ಈತನ ಕೆಲಸವು ನಿಂತಿತೋ ನಡೆಯಿತೋ ಎಂಬುದು ಮೊದಲನೆಯದು. ಈತನ ಸಾಧನೆಯಲ್ಲಿ ಯಾರಿಗಾದರೂ ಬಾಗಿಲು ಮುಚ್ಚಿತ್ತೋ ಎಂಬುದು ಎರಡನೆಯದು. ಕೆಲಸವು ನಡೆಯಿತು, ಬಾಗಿಲು ತೆರೆದಿತ್ತು ಎಂಬ ಉತ್ತರ ಬಂದರೆ ಆ ಭಕ್ತಿಯು ನ್ಯಾಯಕ್ಕೆ ಆಧಾರ. ಎರಡರಲ್ಲಿ ಒಂದು ತಪ್ಪಿದರೂ, ಬಾದರಿಯು ಎತ್ತಿ ಸೋತ ಪ್ರಶ್ನೆಯು ಇನ್ನೂ ಉತ್ತರವನ್ನು ಬೇಡುತ್ತ ನಿಂತಿದೆಯೆಂದೇ ತಿಳಿಯತಕ್ಕದ್ದು.